ಅಟ್ಟದ ಮೇಲಿನ ಕಂಪ್ಯೂಟರ್



ರಮಝಾನ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಆರಂಭವಾಗುವುದು ಗುಡಿಸಿ ಒರೆಸುವ ಕೆಲಸ. ಪರದೆಗಳು ಒಗೆತಕ್ಕೆ ಹೋಗುತ್ತವೆ, ಡಬ್ಬಿಗಳು ತೊಳೆಸಿಕೊಂಡು ಬಿಸಿಲಿಗೆ ಕೂರುತ್ತವೆ, ಅಟ್ಟ ಖಾಲಿಯಾಗುತ್ತದೆ. ಹಿಂದೆ ಅಟ್ಟದಿಂದ ಹಳೆಯ ತೊಟ್ಟಿಲು, ಕಾಲು ಮುರಿದ ಮಣೆ, ತೂತು ಬಿದ್ದ ಹಂಡೆ ಇಳಿಯುತ್ತಿದ್ದವು. ಈಗ ಇಳಿಯುವ ಸಾಮಾನೇ ಬೇರೆ. ದಪ್ಪ ಬೆನ್ನಿನ ಮಾನಿಟರ್, ಅಕ್ಷರ ಉದುರಿದ ಕೀಬೋರ್ಡ್, ಉಬ್ಬಿದ ಬ್ಯಾಟರಿಯ ಲ್ಯಾಪ್‌ಟಾಪ್, ಶಾಯಿ ಒಣಗಿದ ಪ್ರಿಂಟರ್, ಯಾವ ಫೋನಿನದೆಂದು ಯಾರಿಗೂ ಗೊತ್ತಿಲ್ಲದ ಹತ್ತಾರು ಚಾರ್ಜರ್‌ಗಳು.

ಇವನ್ನೆಲ್ಲ ಏನು ಮಾಡುತ್ತೀರಿ? ಹೆಚ್ಚಿನವರ ಉತ್ತರ ಎರಡೇ. ಒಂದು, ಮತ್ತೆ ಅಟ್ಟಕ್ಕೇ ಹತ್ತಿಸುವುದು. ಇನ್ನೊಂದು, ಗುಜರಿಯವನು ಬಂದಾಗ ಹಳೆಯ ಪೇಪರಿನ ಜೊತೆಗೆ ತೂಗಿಸಿ ಕೊಡುವುದು. ನಾನೂ ಹಾಗೆಯೇ ಮಾಡುತ್ತಿದ್ದೆ. ಹೋದ ವರ್ಷ ನನ್ನ ನಾದಿನಿಯ ಮನೆಯಲ್ಲಿ ನಡೆದ ಒಂದು ಸಂಗತಿ ನನ್ನ ಕಣ್ಣು ತೆರೆಸಿತು. ಅದನ್ನು ಹೇಳಬಹುದೇ ಎಂದು ಅವಳನ್ನು ಕೇಳಿದೆ. "ಹೆಸರು ಬೇಡ ಅತ್ತಿಗೆ, ವಿಷಯ ಹೇಳಿ. ಇನ್ನೊಬ್ಬರಿಗೆ ಹೀಗಾಗುವುದು ಬೇಡ" ಎಂದಳು.

ನಾನೂರು ರೂಪಾಯಿಗೆ ಹೋದದ್ದು ಏನು?

ಅವಳ ಮದುವೆಯಾದ ವರ್ಷ ಗಂಡ ಸೌದಿಯಿಂದ ರಜೆಗೆ ಬಂದಾಗ ಕೊಂಡ ಕಂಪ್ಯೂಟರ್ ಅದು. ಕೆಲವು ವರ್ಷ ಮನೆಯವರೆಲ್ಲ ಬಳಸಿದರು. ಆಮೇಲೆ ಕೆಟ್ಟಿತು. ರಿಪೇರಿಯವನು ಹೇಳಿದ ಖರ್ಚು ಕೇಳಿ, "ಇರಲಿ, ಮುಂದೆ ನೋಡೋಣ" ಎಂದು ಅಟ್ಟಕ್ಕೆ ಹಾಕಿದರು. ಆ 'ಮುಂದೆ' ಹತ್ತು ವರ್ಷವಾದರೂ ಬರಲಿಲ್ಲ. ಹೋದ ವರ್ಷ ಮನೆ ಶುಚಿ ಮಾಡುವಾಗ ಅವಳ ಮಗ ಅದನ್ನು ಇಳಿಸಿ, ಬಾಗಿಲಿಗೆ ಬಂದ ಗುಜರಿ ಕಾಕನಿಗೆ ಕೊಟ್ಟುಬಿಟ್ಟ. ಕೈಗೆ ನಾನೂರು ರೂಪಾಯಿ ಬಂತು. ಅಟ್ಟದಲ್ಲಿ ಜಾಗವಾಯಿತೆಂದು ಎಲ್ಲರಿಗೂ ಖುಷಿ.

ನಾಲ್ಕನೇ ದಿನ ರಾತ್ರಿ ಅವಳ ಫೋನ್ ಬಂತು. ಸ್ವರ ನಡುಗುತ್ತಿತ್ತು. "ಅತ್ತಿಗೆ, ಅದರೊಳಗೆ ನನ್ನ ಮದರಂಗಿ ರಾತ್ರಿಯ ಫೋಟೋಗಳೆಲ್ಲ ಇದ್ದವಲ್ಲ!"

ಮದರಂಗಿಯ ರಾತ್ರಿ ಹೆಂಗಸರ ಕೋಣೆಯಲ್ಲಿ ಹೆಂಗಸರೇ ತೆಗೆದ ಫೋಟೋಗಳು. ಹಾಡಿ ಕುಣಿದ ಹುಡುಗಿಯರು, ತಲೆಯ ಮೇಲಿನ ಬಟ್ಟೆಯ ಪರಿವೆಯಿಲ್ಲದೆ ನಗುತ್ತಿದ್ದ ಅಕ್ಕತಂಗಿಯರು, ನೆರೆಯವರು, ಗೆಳತಿಯರು. ಅವರೆಲ್ಲ ಅವಳ ಮನೆಯ ನಾಲ್ಕು ಗೋಡೆಯನ್ನು ನಂಬಿ ಕ್ಯಾಮರಾದ ಮುಂದೆ ನಿಂತವರು. ಅದು ಅವರು ಅವಳ ಕೈಯಲ್ಲಿಟ್ಟ ಅಮಾನತ್ತು. ಫೋಟೋಗಳ ಜೊತೆಗೆ ಗಂಡನ ಪಾಸ್‌ಪೋರ್ಟಿನ ಪ್ರತಿ, ಮಾವನ ಬ್ಯಾಂಕಿನ ಕಾಗದ, ಮಕ್ಕಳ ಜನನ ಪತ್ರ ಕೂಡ ಅದರಲ್ಲಿದ್ದವು.

"ಕಂಪ್ಯೂಟರ್ ಕೆಟ್ಟಿತ್ತಲ್ಲ, ಯಾರು ನೋಡಲು ಸಾಧ್ಯ?" ಎಂದು ಅವಳ ಮಗ ಸಮಾಧಾನ ಹೇಳಿದನಂತೆ. ನಾವು ಎಡವುವುದು ಇಲ್ಲಿಯೇ. ಕಂಪ್ಯೂಟರ್ ಕೆಟ್ಟರೆ ಅದರೊಳಗಿನ ಹಾರ್ಡ್ ಡಿಸ್ಕ್ ಕೆಡಬೇಕೆಂದೇನೂ ಇಲ್ಲ. ಕಪಾಟಿನ ಬಾಗಿಲು ಮುರಿದರೆ ಒಳಗಿನ ಬಟ್ಟೆ ಹಾಳಾಗುತ್ತದೆಯೇ? ಅಂಗೈಯಗಲದ ಆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವೂ ಮತ್ತೆ ಕಣ್ಣೆದುರು ಬರುತ್ತದೆ.

ಗುಜರಿ ಕಾಕನ ಅಂಗಳದಲ್ಲಿ

ಮರುದಿನ ನಾವಿಬ್ಬರೂ ಕಾಕನ ಮನೆ ಹುಡುಕಿಕೊಂಡು ಹೋದೆವು. ಪಾಪ, ಒಳ್ಳೆಯ ಮನುಷ್ಯ. ವಿಷಯ ಕೇಳಿ ತಾನೇ ಗಾಬರಿಯಾದರು. "ಪೆಟ್ಟಿಗೆ ನಿನ್ನೆಯೇ ದೊಡ್ಡ ಅಂಗಡಿಯ ಲಾರಿಗೆ ಹೋಯಿತು ಮಗಳೇ. ಅಲ್ಲಿಂದ ಬೆಂಗಳೂರಿಗೋ ಬೊಂಬಾಯಿಗೋ, ನನಗೆ ಗೊತ್ತಾಗುವುದಿಲ್ಲ" ಎಂದರು. ಆದರೂ ನಮ್ಮ ಸಮಾಧಾನಕ್ಕೆಂದು ಅಂಗಳದಲ್ಲಿದ್ದ ರಾಶಿಯನ್ನೆಲ್ಲ ತಾವೇ ಕೆದಕಿ ನೋಡಿದರು.

ಡಿಸ್ಕ್ ಸಿಗಲಿಲ್ಲ. ಆದರೆ ಅಲ್ಲಿ ನಾನು ಬೇರೊಂದನ್ನು ಕಂಡೆ.

ಅಂಗಳದ ಮೂಲೆಯಲ್ಲಿ ಅರ್ಧ ಕತ್ತರಿಸಿದ ಡಬ್ಬವೊಂದರಲ್ಲಿ ವಯರುಗಳು ಉರಿಯುತ್ತಿದ್ದವು. ಕಪ್ಪು ಹೊಗೆ, ಮೂಗಿಗೆ ಅಡರುವ ವಾಸನೆ. ಮೇಲಿನ ಪ್ಲಾಸ್ಟಿಕ್ ಸುಟ್ಟುಹೋದರೆ ಒಳಗಿನ ತಾಮ್ರ ಸಿಗುತ್ತದೆ, ಅದಕ್ಕೆ ಬೆಲೆ ಇದೆ. ಬೆಂಕಿಯ ಬಳಿ ಕೋಲು ಹಿಡಿದು ಕೂತವಳು ಕಾಕನ ಸೊಸೆ. ತುಂಬು ಗರ್ಭಿಣಿ. ಪಕ್ಕದಲ್ಲಿ ಆರೇಳು ವರ್ಷದ ಮಗಳು ತಣ್ಣಗಾದ ಬೂದಿಯಿಂದ ತಾಮ್ರದ ಎಳೆಗಳನ್ನು ಹೆಕ್ಕಿ ಮಡಿಲಿಗೆ ಹಾಕಿಕೊಳ್ಳುತ್ತಿತ್ತು. ನಮ್ಮನ್ನು ಕಂಡು ಆ ಹೆಣ್ಣುಮಗಳು ಕೈ ಒರೆಸಿಕೊಂಡು ಎದ್ದು, "ಕೂತುಕೊಳ್ಳಿ ಅಕ್ಕಾ, ಚಾ ಕುಡಿದು ಹೋಗಿ" ಎಂದಳು. ಅದೇ ಕೈ, ಅದೇ ಮಸಿ.

ಸಹೋದರಿಯರೇ, ನಮ್ಮ ಮನೆಯ ಗೇಟು ದಾಟಿದ ಮೇಲೆ ಹಳೆಯ ಕಂಪ್ಯೂಟರಿನ ಕಥೆ ಮುಗಿಯಿತು ಎಂದು ನಾವು ತಿಳಿದಿದ್ದೇವೆ. ಮುಗಿಯುವುದಿಲ್ಲ. ಅದು ನಮ್ಮ ಮನೆಯಿಂದ ಎರಡು ವಸ್ತುಗಳನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ನಮ್ಮ ಗುಟ್ಟು, ಇನ್ನೊಂದು ವಿಷ. ಗುಟ್ಟು ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ. ವಿಷ ಮಾತ್ರ ಬಹುಪಾಲು ಬಡವರ ಮನೆಯ ಅಂಗಳದಲ್ಲಿ ಇಳಿಯುತ್ತದೆ.

ವಿಷ ಎಲ್ಲಿರುತ್ತದೆ?

ಮೇಜಿನ ಮೇಲೆ ಇರುವಷ್ಟು ದಿನ ಕಂಪ್ಯೂಟರಿನಿಂದ ಏನೂ ಅಪಾಯವಿಲ್ಲ. ಒಡೆದಾಗ, ಸುಟ್ಟಾಗ, ಆಸಿಡ್ಡಿನಲ್ಲಿ ಅದ್ದಿದಾಗ ಅಪಾಯ ಹೊರಬರುತ್ತದೆ.

ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ ಬೆರೆಸಿರುತ್ತಾರೆ. ಒಂದೊಂದು ಮಾನಿಟರಿನಲ್ಲಿ ಒಂದು ಕಿಲೋದಿಂದ ಮೂರು ಕಿಲೋವರೆಗೂ ಸೀಸ ಇರಬಹುದು. ಹಳೆಯ ಸರ್ಕ್ಯೂಟ್ ಬೋರ್ಡುಗಳ ಬೆಸುಗೆಯಲ್ಲೂ ಸೀಸವಿದೆ. ಚಪ್ಪಟೆ ಮಾನಿಟರುಗಳಲ್ಲಿ ಹಳೆಯವುಗಳ ಒಳಗೆ ಬೆಳಕಿಗಾಗಿ ಇಟ್ಟ ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ಪಾದರಸವಿದೆ. ವಯರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಬಯಲಲ್ಲಿ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯುಪಿಎಸ್ ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್ ಎರಡೂ ಇವೆ.

ಇವುಗಳಲ್ಲಿ ಸೀಸದ ಬಗ್ಗೆ ತಾಯಂದಿರು ವಿಶೇಷವಾಗಿ ತಿಳಿದಿರಬೇಕು. ಇಷ್ಟು ಸೀಸ ಮೈಸೇರಿದರೆ ತೊಂದರೆಯಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಅದು ಮಿದುಳಿನ ಬೆಳವಣಿಗೆಗೆ ಅಡ್ಡಿಯಾಗುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ತಾಯಿಯ ಮೂಳೆಗಳಲ್ಲಿ ವರ್ಷಗಟ್ಟಲೆ ಅಡಗಿ ಕೂತ ಸೀಸ ಗರ್ಭಧಾರಣೆಯ ಕಾಲದಲ್ಲಿ ರಕ್ತಕ್ಕಿಳಿದು ಹೊಟ್ಟೆಯ ಮಗುವನ್ನು ತಲುಪುತ್ತದೆ. ಕಾಕನ ಸೊಸೆಯ ಮುಖ ನನಗೆ ಮರೆಯದಿರುವುದು ಇದಕ್ಕೇ.

ಇದು ಒಂದು ಅಂಗಳದ ಕಥೆಯಲ್ಲ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮುರಾದಾಬಾದ್ ಹಳೆಯ ಕಂಪ್ಯೂಟರುಗಳ ಬಿಡಿಭಾಗಗಳು ಬಂದು ಸೇರುವ ಊರುಗಳು. ಹಿತ್ತಾಳೆಯ ಪಾತ್ರೆಗಳಿಗೆ ಹೆಸರಾದ ಮುರಾದಾಬಾದಿನಲ್ಲಿ ಎಷ್ಟೋ ಕುಟುಂಬಗಳು ಸರ್ಕ್ಯೂಟ್ ಬೋರ್ಡುಗಳನ್ನು ಸುಟ್ಟು, ಬೂದಿ ತೊಳೆದು ಲೋಹ ತೆಗೆದು ಬದುಕಿದವು. ರಾಮಗಂಗಾ ನದಿಯ ದಡದಲ್ಲಿ ಆ ಕಪ್ಪು ಬೂದಿ ರಾಶಿ ಬಿತ್ತು. ನಮ್ಮ ಬೆಂಗಳೂರೂ ಹೊರತಲ್ಲ. ಅಲ್ಲಿನ ಹಿತ್ತಲುಗಳಲ್ಲಿ ನಡೆಯುತ್ತಿದ್ದ ಇಂಥದೇ ಕೆಲಸದ ಬಗ್ಗೆ 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಂಥ ಜಾಗಗಳ ಮಣ್ಣಿನಲ್ಲಿ ಸೀಸವೇ ಮೊದಲಾದ ಲೋಹಗಳು ಬೇರೆಡೆಗಿಂತ ಹೆಚ್ಚಾಗಿದ್ದುದು ಅದರಲ್ಲಿ ಕಂಡುಬಂತು.

2021ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕುರಿತು ಒಂದು ವರದಿಯನ್ನೇ ಹೊರತಂದಿತು. ಕಸ ಹೆಕ್ಕುವ, ಬೇರ್ಪಡಿಸುವ ಅಸಂಘಟಿತ ಕೆಲಸಗಳಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 29 ಲಕ್ಷ ಮಹಿಳೆಯರಿದ್ದಾರೆ, ಅವರು ಮತ್ತು ಅವರ ಹೊಟ್ಟೆಯ ಮಕ್ಕಳು ವಿದ್ಯುನ್ಮಾನ ಕಸದ ವಿಷಕ್ಕೆ ಗುರಿಯಾಗುವ ಸಾಧ್ಯತೆ ಇದೆ ಎಂದು ಅದು ಎಚ್ಚರಿಸಿತು. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇಂಥ ಕಸ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ಲೆಕ್ಕ ಸಿಗುವುದು ನೂರರಲ್ಲಿ ಸುಮಾರು 22 ಪಾಲಿಗೆ ಮಾತ್ರ. ಉಳಿದದ್ದು ಎಲ್ಲಿಗೆ ಹೋಯಿತು? ಸ್ವಲ್ಪ ನಿಮ್ಮ ಅಟ್ಟದಲ್ಲಿದೆ, ಸ್ವಲ್ಪ ಕಾಕನ ಅಂಗಳದಲ್ಲಿದೆ.

ಕಸವಲ್ಲ, ಗಣಿ

ಇಷ್ಟು ವಿಷವಿದ್ದರೂ ಬಡವರು ಇದರ ಬೆನ್ನು ಹತ್ತುವುದು ಏಕೆ? ಇದರೊಳಗೆ ಹಣವಿದೆ. ತಾಮ್ರ, ಅಲ್ಯೂಮಿನಿಯಂ, ಬೆಳ್ಳಿ, ಅಷ್ಟೇ ಅಲ್ಲ, ಚಿನ್ನವೂ ಇದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಹಾಗಾಗಿ ಬೋರ್ಡುಗಳ ಜೋಡಣೆಯ ತುದಿಗಳಿಗೆ ತೆಳುವಾಗಿ ಚಿನ್ನ ಲೇಪಿಸಿರುತ್ತಾರೆ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿಯಲ್ಲಿ ಒಂದು ಟನ್ ಅದಿರು ಅಗೆದರೆ ಸಾಮಾನ್ಯವಾಗಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಳ್ಳೆಯ ದರ್ಜೆಯ ಸರ್ಕ್ಯೂಟ್ ಬೋರ್ಡುಗಳ ಒಂದು ಟನ್ ರಾಶಿಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನವಿರುತ್ತದೆ.

ಜಪಾನಿನವರು ಇದನ್ನು ಮಾಡಿ ತೋರಿಸಿದರು. ಟೋಕಿಯೋ ಒಲಿಂಪಿಕ್ಸ್ ಪದಕಗಳಿಗಾಗಿ 2017ರಿಂದ 2019ರವರೆಗೆ ಎರಡು ವರ್ಷ ಜನರಿಂದ ಹಳೆಯ ಮೊಬೈಲು, ಕಂಪ್ಯೂಟರು ಮೊದಲಾದ ಸಣ್ಣ ಉಪಕರಣಗಳನ್ನು ಸಂಗ್ರಹಿಸಿದರು. ಸುಮಾರು 79 ಸಾವಿರ ಟನ್ ಸೇರಿತು. ಅದರಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು ದೊರೆತು ಸುಮಾರು 5,000 ಪದಕಗಳು ತಯಾರಾದವು. ಜನ ಅಟ್ಟದಿಂದ ಇಳಿಸಿ ಕೊಟ್ಟ ಹಳೆಯ ಸಾಮಾನು ಗೆದ್ದವರ ಕೊರಳಲ್ಲಿ ಮಿನುಗಿತು.

ಅಂದರೆ ಹಳೆಯ ಕಂಪ್ಯೂಟರ್ ಇರಬೇಕಾದ ಜಾಗ ಅಟ್ಟವೂ ಅಲ್ಲ, ತಿಪ್ಪೆಯೂ ಅಲ್ಲ. ಅದನ್ನು ಬಿಚ್ಚಲು ತಿಳಿದವರು, ಮುಖಕ್ಕೆ ಕವಚ, ಕೈಗೆ ಗ್ಲೌಸ್ ಹಾಕಿಕೊಂಡು, ಹೊಗೆಯನ್ನು ಹಿಡಿದಿಡುವ ಯಂತ್ರವಿರುವ ಕಡೆ ಬಿಚ್ಚಬೇಕು. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿ 'ಇ-ಪರಿಸರ' ಎಂಬ ಘಟಕ ಆರಂಭವಾದದ್ದು 2005ರಲ್ಲಿ. ದೇಶದಲ್ಲಿ ಇಂಥ ಕೆಲಸವನ್ನು ವೈಜ್ಞಾನಿಕವಾಗಿ ಮಾಡಿದ ಮೊದಲಿಗರಲ್ಲಿ ಅದು ಒಂದು. ಬೆಂಗಳೂರಿನ ಗುಜರಿ ಕೆಲಸಗಾರರ ಕೆಲವು ಗುಂಪುಗಳೂ ತರಬೇತಿ ಪಡೆದು, ಸುಡುವುದನ್ನು ಬಿಟ್ಟು, ಪರವಾನಗಿ ಪಡೆದದ್ದುಂಟು. ಆದ್ದರಿಂದ ಗುಜರಿಯವರನ್ನು ದೂರುವುದು ಸರಿಯಲ್ಲ. ನಾವು ಎಸೆದದ್ದನ್ನು ಹೆಕ್ಕಿ ಮತ್ತೆ ಉಪಯೋಗಕ್ಕೆ ತರುವವರು ಅವರೇ. ತಪ್ಪು, ಏನನ್ನೂ ತಿಳಿಸದೆ ಎಲ್ಲವನ್ನೂ ಅವರ ತಲೆಗೆ ಕಟ್ಟುವ ನಮ್ಮದು.

ಮೊದಲು ಕೇಳಿಕೊಳ್ಳಿ: ಇದು ನಿಜಕ್ಕೂ ಹಾಳಾಗಿದೆಯೇ?

ಕೊಡುವ ಮಾತಿಗೆ ಮೊದಲು ಉಳಿಸಿಕೊಳ್ಳುವ ಮಾತು. 2004ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಲೆಕ್ಕ ಕೊಟ್ಟರು. ದಪ್ಪ ಮಾನಿಟರಿನ ಒಂದು ಕಂಪ್ಯೂಟರ್ ತಯಾರಾಗಲು ಕನಿಷ್ಠ 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ಖರ್ಚಾಗುತ್ತದೆ. ಅಂಗಡಿಯಿಂದ ಮನೆಗೆ ಬರುವ ಮೊದಲೇ ಇಷ್ಟನ್ನು ತಿಂದು ಬಂದಿರುವ ವಸ್ತುವನ್ನು ಎರಡು ವರ್ಷ ಹೆಚ್ಚು ಬಳಸಿದರೆ ಅದೂ ದೊಡ್ಡ ಉಳಿತಾಯವೇ.

"ತುಂಬಾ ನಿಧಾನವಾಗಿದೆ" ಎಂಬ ಕಾರಣಕ್ಕೆ ಹೊಸದು ಕೊಳ್ಳುವವರೇ ಹೆಚ್ಚು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ, ರ‍್ಯಾಮ್ ಸ್ವಲ್ಪ ಹೆಚ್ಚಿಸಿದರೆ ಎಷ್ಟೋ ಲ್ಯಾಪ್‌ಟಾಪುಗಳು ಮತ್ತೆ ಚುರುಕಾಗುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ನೆರವು ಮುಗಿಯಿತು. ಹೊಸ ವಿಂಡೋಸ್ ಒಪ್ಪದ ಕಂಪ್ಯೂಟರುಗಳನ್ನು ಎಸೆಯಲೇಬೇಕೆಂದೇನೂ ಇಲ್ಲ. ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಗಳನ್ನು ಹಾಕಿದರೆ ಮಕ್ಕಳ ಓದು ಬರಹಕ್ಕೆ, ಮೇಲ್ ನೋಡಲು ಧಾರಾಳ ಸಾಕು. ಮನೆಯಲ್ಲಿ ಕಂಪ್ಯೂಟರ್ ಓದುತ್ತಿರುವ ಮಗನೋ ಮಗಳೋ ಇದ್ದರೆ ಒಂದು ಮಧ್ಯಾಹ್ನದ ಕೆಲಸ.

ನಿಮಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಗಬಹುದು. ಮದ್ರಸಕ್ಕೋ ಶಾಲೆಗೋ ಬಡ ವಿದ್ಯಾರ್ಥಿನಿಗೋ ಕೊಡಿ, ಒಳ್ಳೆಯದೇ. ಆದರೆ ಚಾಲೂ ಮಾಡಿ ನೋಡಿ ಕೊಡಿ. ಮೌಸ್, ಕೀಬೋರ್ಡ್, ಚಾರ್ಜರ್ ಜೊತೆಗೆ ಕೊಡಿ. ಎಷ್ಟು ಹಳೆಯದು, ಏನು ದೋಷವಿದೆ ಎಂದು ಹೇಳಿ ಕೊಡಿ. ಸತ್ತ ಕಂಪ್ಯೂಟರನ್ನು 'ದಾನ' ಎಂದು ಶಾಲೆಯ ಮೂಲೆಗೆ ತಳ್ಳಿದರೆ ನಮ್ಮ ಅಟ್ಟದ ಭಾರ ಅವರ ಅಟ್ಟಕ್ಕೆ ಹೋಯಿತು, ಅಷ್ಟೇ.

ಗುಟ್ಟನ್ನು ಅಳಿಸುವುದು ಹೇಗೆ?

ಕಂಪ್ಯೂಟರ್ ಯಾರಿಗೇ ಹೋಗಲಿ, ತಂಗಿಯ ಮಗನಿಗೇ ಹೋಗಲಿ, ಒಳಗಿನದನ್ನು ಅಳಿಸದೆ ಕೊಡಬೇಡಿ.

'ಡಿಲೀಟ್' ಒತ್ತಿದರೆ ಫೋಟೋ ಅಳಿಯಿತು ಎಂದು ನಾವು ಭಾವಿಸುತ್ತೇವೆ. ಡಬ್ಬಿಯ ಮೇಲೆ ಅಂಟಿಸಿದ 'ಮೆಣಸಿನ ಪುಡಿ' ಎಂಬ ಚೀಟಿ ಕಿತ್ತರೆ ಒಳಗಿನ ಪುಡಿ ಹೋಗುತ್ತದೆಯೇ? ಡಿಲೀಟ್ ಮಾಡುವುದೂ ಹಾಗೆಯೇ. ಹಾರ್ಡ್ ಡಿಸ್ಕಿನಲ್ಲಿ ಫೋಟೋ ಎಲ್ಲಿದೆ ಎಂಬ ಚೀಟಿ ಮಾತ್ರ ಹೋಗುತ್ತದೆ. ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೂ ಫೋಟೋ ಅಲ್ಲೇ ಇರುತ್ತದೆ. ಅದನ್ನು ಮೇಲೆತ್ತುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅವಸರದ 'ಫಾರ್ಮ್ಯಾಟ್' ಕೂಡ ಹೆಚ್ಚುಕಡಿಮೆ ಇಷ್ಟೇ ಕೆಲಸ ಮಾಡುತ್ತದೆ. 2009ರಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳ ತಂಡವೊಂದು ಆಫ್ರಿಕದ ಘಾನಾದ ಸಂತೆಯಲ್ಲಿ ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ನೋಡಿತು. ಒಂದರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಕೆಲಸ ಮಾಡುವ ಕಂಪೆನಿಯ ಗುತ್ತಿಗೆ ಕಾಗದಗಳೇ ಇದ್ದವು. ಅಂಥವರ ಕಾಗದವೇ ಸಂತೆಗೆ ಬಂದ ಮೇಲೆ ನಮ್ಮ ಮದರಂಗಿಯ ಫೋಟೋದ ಪಾಡೇನು?

ಕ್ರಮವಾಗಿ ಹೀಗೆ ಮಾಡಿ.

1. ಬೇಕಾದ ಫೋಟೋ, ಕಾಗದಗಳನ್ನು ಮೊದಲು ಹೊಸ ಕಂಪ್ಯೂಟರಿಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿಕೊಳ್ಳಿ. ನಾಲ್ಕೈದನ್ನು ತೆರೆದು ನೋಡಿ, ಸರಿಯಾಗಿ ಬಂದಿವೆಯೇ ಎಂದು ಖಚಿತಪಡಿಸಿಕೊಳ್ಳಿ.

2. ಮೇಲ್, ವಾಟ್ಸಾಪ್ ವೆಬ್, ಬ್ಯಾಂಕ್ ಎಲ್ಲದರಿಂದ ಹೊರಬನ್ನಿ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಅಳಿಸಿ.

3. ಕಂಪ್ಯೂಟರ್ ಚಾಲೂ ಇದ್ದು ವಿಂಡೋಸ್ 10 ಅಥವಾ 11 ಇದ್ದರೆ, ಸೆಟ್ಟಿಂಗ್ಸ್‌ನ 'ರಿಕವರಿ' ವಿಭಾಗದಲ್ಲಿ 'ರೀಸೆಟ್ ದಿಸ್ ಪಿಸಿ' ಎಂಬುದಿದೆ. ಅದರಲ್ಲಿ 'ರಿಮೂವ್ ಎವೆರಿಥಿಂಗ್' ಆರಿಸಿ. ಇಲ್ಲಿಗೇ ನಿಲ್ಲಬೇಡಿ. 'ಚೇಂಜ್ ಸೆಟ್ಟಿಂಗ್ಸ್' ಒತ್ತಿ 'ಕ್ಲೀನ್ ಡೇಟಾ' ಎಂಬುದನ್ನೂ ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ. ಚಾರ್ಜರ್ ಹಾಕಿಟ್ಟು ಅಡುಗೆ ಕೆಲಸ ನೋಡಿಕೊಳ್ಳಿ.

4. ಕಂಪ್ಯೂಟರ್ ಚಾಲೂ ಆಗದಿದ್ದರೆ ಹಾರ್ಡ್ ಡಿಸ್ಕನ್ನೇ ಬಿಚ್ಚಿಸಿಕೊಳ್ಳಿ. ರಿಪೇರಿ ಅಂಗಡಿಯ ಹುಡುಗನಿಗೆ ಹತ್ತು ನಿಮಿಷದ ಕೆಲಸ. ನಿಮ್ಮ ಅಥವಾ ಮನೆಯವರ ಕಣ್ಣೆದುರೇ ಬಿಚ್ಚಿಸಿ, ಡಿಸ್ಕನ್ನು ಕೈಯಲ್ಲಿ ಹಿಡಿದೇ ಮನೆಗೆ ಬನ್ನಿ.

5. ಆ ಡಿಸ್ಕನ್ನು ಕಪಾಟಿನಲ್ಲಿ ಇಟ್ಟುಕೊಳ್ಳಬಹುದು. ಬೇಡವೆಂದರೆ ಡ್ರಿಲ್ಲಿಂಗ್ ಯಂತ್ರದಿಂದ ಆರಪಾರಾಗಿ ನಾಲ್ಕೈದು ತೂತು ಕೊರೆಸಿ. ಕೆಲವು ಡಿಸ್ಕುಗಳ ಒಳಗಿನ ತಟ್ಟೆ ಗಾಜಿನದು, ಚೂರು ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ. ಎಸ್‌ಎಸ್‌ಡಿ ಆದರೆ ತೂತು ಒಳಗಿನ ಚಿಪ್ಪುಗಳ ಮೂಲಕವೇ ಹೋಗಬೇಕು. ಯಾವುದನ್ನೂ ಸುಡಬೇಡಿ.

6. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಸಿಡಿ, ಹಳೆಯ ಮೊಬೈಲಿನೊಳಗಿನ ಸಿಮ್, ಇವನ್ನೂ ಮರೆಯಬೇಡಿ. ಸಣ್ಣವೆಂದು ಬಿಟ್ಟದ್ದರಲ್ಲೇ ದೊಡ್ಡ ಗುಟ್ಟುಗಳಿರುತ್ತವೆ.

ಯಾರಿಗೆ ಕೊಡುವುದು?

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿದೆ. 2011ರಲ್ಲಿ ಮಾಡಿದ ಮೊದಲ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. 2016ರಲ್ಲಿ ಅವು ಬದಲಾದವು. 2022ರಲ್ಲಿ ಹೊರಡಿಸಿದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ತಿರುಳು ಇಷ್ಟು: ಕಂಪ್ಯೂಟರ್ ಮಾಡಿ ಮಾರುವ ಕಂಪೆನಿಗೆ ಅದು ಹಳತಾದ ಮೇಲೂ ಹೊಣೆಯಿದೆ. ನೋಂದಣಿ ಪಡೆದ ಮರುಬಳಕೆ ಘಟಕಗಳ ಮೂಲಕ ನಿಗದಿತ ಪಾಲನ್ನು ಅದು ಮರುಬಳಕೆ ಮಾಡಿಸಲೇಬೇಕು. ಕಂಪ್ಯೂಟರಿನ ಹಿಂಭಾಗದ ಚೀಟಿಯಲ್ಲಿ, ಚಾರ್ಜರಿನ ಮೇಲೆ ನೋಡಿ. ಗಾಲಿಯಿರುವ ಕಸದ ಡಬ್ಬಿಯ ಮೇಲೆ ಅಡ್ಡಗೆರೆ ಎಳೆದ ಒಂದು ಗುರುತು ಇರುತ್ತದೆ. 'ಇದನ್ನು ಮನೆಕಸಕ್ಕೆ ಹಾಕಬೇಡಿ' ಎಂದು ಅದರ ಅರ್ಥ.

ಹಾಗಾದರೆ ನಾವು ಮಾಡಬೇಕಾದುದು? ಮೊದಲು ಕಂಪೆನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ, ಹಳೆಯದನ್ನು ಎಲ್ಲಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿ. ಅಲ್ಲಿ ಉತ್ತರ ಸಿಗದಿದ್ದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ. ನೋಂದಾಯಿತ ಘಟಕಗಳ ವಿವರ ಅವರಲ್ಲಿ ಸಿಗುತ್ತದೆ. ನಗರದಲ್ಲಿರುವವರು ನಗರಸಭೆಯ ಒಣಕಸ ಸಂಗ್ರಹ ಕೇಂದ್ರದಲ್ಲೂ ಕೇಳಬಹುದು. ಯುಪಿಎಸ್ ಬ್ಯಾಟರಿಯನ್ನು ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಗೇ ಹಿಂತಿರುಗಿಸಿ, ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಮೊದಲು ಅದನ್ನು ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ. ದಪ್ಪ ಮಾನಿಟರನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಗಾಜು ಸಿಡಿಯಬಹುದು, ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಉಳಿದಿರಬಹುದು.

"ಒಂದು ಕೀಬೋರ್ಡಿಗಾಗಿ ಯಾರು ಮನೆಗೆ ಬರುತ್ತಾರೆ?" ಎಂದು ಕೇಳುತ್ತೀರಿ. ನಿಜ, ಬರುವುದಿಲ್ಲ. ಅದಕ್ಕೆ ನಾವು ಒಂದು ಉಪಾಯ ಮಾಡಿದೆವು. ನಮ್ಮ ಬೀದಿಯ ಎಂಟು ಮನೆಗಳವರು ಸೇರಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟೆವು. ವಯರು, ಚಾರ್ಜರು, ಮೌಸು, ಕೆಟ್ಟ ಮೊಬೈಲು ಎಲ್ಲವೂ ಅದರಲ್ಲಿ. ಬ್ಯಾಟರಿಗಳಿಗೆ ಬೇರೆ ಡಬ್ಬಿ. ಪೆಟ್ಟಿಗೆ ತುಂಬಿ, ಜೊತೆಗೆ ಎರಡು ಮಾನಿಟರು, ಒಂದು ಪ್ರಿಂಟರು ಸೇರಿದ ಮೇಲೆ ನೋಂದಾಯಿತ ಘಟಕಕ್ಕೆ ಫೋನ್ ಮಾಡಿದೆವು. ಅವರು ಬಂದು ಒಯ್ದು ರಶೀದಿ ಕೊಟ್ಟರು. ಸಿಕ್ಕಿದ ಹಣ ಗುಜರಿಗೆ ಹಾಕಿದ್ದರೆ ಸಿಗುತ್ತಿದ್ದುದಕ್ಕಿಂತ ಕಡಿಮೆ. ಯಾರೂ ಗೊಣಗಲಿಲ್ಲ. ಯಾಕೆಂದರೆ ಆ ಅಂಗಳದ ಕಥೆ ಎಲ್ಲರಿಗೂ ಹೇಳಿದ್ದೆ.

ಕೊನೆಯಲ್ಲಿ

ಕಾಕನ ಮನೆಗೆ ಆಮೇಲೆಯೂ ಎರಡು ಸಲ ಹೋದೆ. ಸೀಸದ ವಿಷಯ, ಹೊಟ್ಟೆಯ ಮಗುವಿನ ವಿಷಯ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಸುಲಿದ ತಾಮ್ರಕ್ಕೆ ಸುಟ್ಟ ತಾಮ್ರಕ್ಕಿಂತ ಹೆಚ್ಚು ಬೆಲೆ ಬರುತ್ತದೆ, ನನಗೂ ಗೊತ್ತು ಮಗಳೇ. ಆದರೆ ಸುಲಿಯುತ್ತಾ ಕೂತರೆ ದಿನ ಹೋಗುತ್ತದೆ, ಸಂಜೆಗೆ ಅಕ್ಕಿ ಬೇಕಲ್ಲ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಎರಡನೇ ಸಲ ಹೋದಾಗ ಬೆಂಕಿಯ ಡಬ್ಬ ಅಂಗಳದಲ್ಲಿ ಇರಲಿಲ್ಲ. ಕಾಕ ಜಗಲಿಯಲ್ಲಿ ಕೂತು ದಪ್ಪ ವಯರುಗಳನ್ನು ಚೂರಿಯಿಂದ ಸೀಳುತ್ತಿದ್ದರು. "ಸಪೂರದ್ದನ್ನು ಹಾಗೆಯೇ ಮಾರಿಬಿಡುತ್ತೇನೆ, ಸುಡುವುದು ಬಿಟ್ಟೆ. ಸೊಸೆಗೆ ಹೆಣ್ಣುಮಗು" ಎಂದು ನಕ್ಕರು. ಅವರು ಬಿಟ್ಟ ಸಪೂರ ವಯರು ಮುಂದೆ ಎಲ್ಲಿ ಉರಿಯುತ್ತದೋ! ಒಂದು ಅಂಗಳವಾದರೂ ಉಳಿಯಿತು ಎಂದುಕೊಂಡೆ.

ನಾದಿನಿಯ ಡಿಸ್ಕ್ ಇಂದಿಗೂ ಸಿಕ್ಕಿಲ್ಲ. ಯಾವುದೋ ಯಂತ್ರದಲ್ಲಿ ಪುಡಿಯಾಗಿರಬಹುದು, ಯಾರದೋ ಮೇಜಿನ ಮೇಲೆ ಇರಲೂಬಹುದು. ಆ ರಾತ್ರಿ ಫೋಟೋದಲ್ಲಿ ನಿಂತಿದ್ದ ಗೆಳತಿಯರಲ್ಲಿ ಇಬ್ಬರಿಗೆ ಅವಳು ತಾನಾಗಿ ಫೋನ್ ಮಾಡಿ ವಿಷಯ ತಿಳಿಸಿದಳು. ಉಳಿದವರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಎಲ್ಲಾದರೂ ಹಳೆಯ ಮದುವೆಯ ಮಾತು ಬಂದರೆ ಈಗಲೂ ಅವಳ ಮುಖ ಬಾಡುತ್ತದೆ.

ಈ ವಾರವೇ ಒಮ್ಮೆ ಅಟ್ಟ ಹತ್ತಿ ನೋಡಿ. ಹಳೆಯ ಕಂಪ್ಯೂಟರ್ ಇದ್ದರೆ ಇಳಿಸಿ ಧೂಳು ಒರೆಸಿ. ಅದರೊಳಗೆ ಏನಿದೆ, ಯಾರ್ಯಾರ ಮುಖಗಳಿವೆ ಎಂದು ಒಂದು ಗಳಿಗೆ ನೆನಪಿಸಿಕೊಳ್ಳಿ. ಅವರ ಸಲುವಾಗಿ ಡಿಸ್ಕ್ ತೆಗೆದಿಡಿ. ಉಳಿದದ್ದನ್ನು ಸರಿಯಾದ ಕೈಗೆ ಕೊಡಿ, ಅದು ನಿಮಗೆ ಪರಿಚಯವಿಲ್ಲದ, ಎಲ್ಲೋ ಒಂದು ಅಂಗಳದಲ್ಲಿ ಆಡುತ್ತಿರುವ ಮಗುವಿನ ಸಲುವಾಗಿ.